ಹಿಮ ಗೀಚಿಟ್ಟ ರಾಜ್ಯ: ಅಮೆರಿಕದ ಮೇನ್

ಅಮೆರಿಕದ ಪ್ರತಿ ರಾಜ್ಯಕ್ಕೂ ಅದರದೇ ಆದ ಒಂದು ಹೂವಿದೆ. ಕಾನೂನು ಮಾಡಿಯೇ ಅದನ್ನು ಗೊತ್ತುಮಾಡಿರುತ್ತಾರೆ. ಕ್ಯಾನ್ಸಸ್‌ಗೆ ಸೂರ್ಯಕಾಂತಿ, ನ್ಯೂಯಾರ್ಕಿಗೆ ಗುಲಾಬಿ. ಮೇನ್ ರಾಜ್ಯದ ಹೂವು ಮಾತ್ರ ಹೂವೇ ಅಲ್ಲ. ಅದು ಬಿಳಿ ಪೈನ್ ಮರದ ಕಾಯಿ, ಜೊತೆಗೆ ಸೂಜಿಯಂಥ ಎಲೆಗಳ ಒಂದು ಕುಚ್ಚು. ಪೈನ್ ಮರ ಹೂ ಬಿಡುವುದಿಲ್ಲ, ಅದು ಬೀಜ ಕಟ್ಟುವ ಬಗೆಯೇ ಬೇರೆ. 1895ರಲ್ಲಿ ಇದನ್ನು ಆರಿಸಿದವರಿಗೆ ಸಸ್ಯಶಾಸ್ತ್ರದ ಚಿಂತೆ ಇದ್ದಂತಿಲ್ಲ. ಎತ್ತ ನೋಡಿದರೂ ಪೈನ್ ಮರವೇ ಕಾಣುವಾಗ ಬೇರೆ ಹೂವು ಯಾಕೆ ಅಂದುಕೊಂಡಿರಬೇಕು.

ರಾಜ್ಯದ ಹಕ್ಕಿ, ರಾಜ್ಯದ ಮೀನು, ರಾಜ್ಯದ ಕಲ್ಲು ಅನ್ನುವ ಪಟ್ಟಿಗಳು ಸಾಮಾನ್ಯವಾಗಿ ಕ್ವಿಜ್‌ಗೆ ಓದುವವರಿಗೆ ಬಿಟ್ಟರೆ ಯಾರಿಗೂ ಬೇಡ. ಮೇನ್‌ನ ಪಟ್ಟಿ ಹಾಗಲ್ಲ. ಅಲ್ಲಿನ ಮರ, ಪ್ರಾಣಿ, ಹಣ್ಣು, ಕಡಲ ಜೀವಿ ಯಾವುದನ್ನು ಹಿಡಿದು ಹಿಂದಕ್ಕೆ ಹೋದರೂ ಹೆಚ್ಚುಕಡಿಮೆ ಒಂದೇ ಜಾಗಕ್ಕೆ ಬಂದು ನಿಲ್ಲುತ್ತೇವೆ. ಸಾವಿರಾರು ವರ್ಷಗಳ ಹಿಂದೆ ಆ ನೆಲವನ್ನು ಉಜ್ಜಿಕೊಂಡು ಹೋದ ಹಿಮದ ಪದರಕ್ಕೆ. ಅಲ್ಲಿಂದಲೇ ಶುರುಮಾಡೋಣ.

ಎಲ್ಲಿದೆ, ಹೇಗಿದೆ

ಅಮೆರಿಕದ ನಕ್ಷೆಯಲ್ಲಿ ಈಶಾನ್ಯದ ತುದಿಗೆ ಬೆರಳಿಟ್ಟರೆ ಅದು ಮೇನ್. ವಾಯುವ್ಯಕ್ಕೆ ಕೆನಡಾದ ಕ್ವಿಬೆಕ್, ಈಶಾನ್ಯಕ್ಕೆ ಮತ್ತು ಪೂರ್ವಕ್ಕೆ ಕೆನಡಾದ್ದೇ ನ್ಯೂ ಬ್ರನ್ಸ್‌ವಿಕ್, ದಕ್ಷಿಣಕ್ಕೆ ಅಟ್ಲಾಂಟಿಕ್ ಸಾಗರ. ಅಮೆರಿಕದ ಒಳಗೆ ಅದಕ್ಕಿರುವ ನೆರೆಮನೆ ಒಂದೇ, ನ್ಯೂ ಹ್ಯಾಂಪ್‌ಶೈರ್. ಒಂದೇ ಒಂದು ರಾಜ್ಯದ ಜೊತೆ ಗಡಿ ಹಂಚಿಕೊಂಡ ರಾಜ್ಯ ಅಮೆರಿಕದಲ್ಲಿ ಇನ್ನೊಂದಿಲ್ಲ. ಒಟ್ಟು ವಿಸ್ತೀರ್ಣ ಸುಮಾರು 91,600 ಚದರ ಕಿಲೋಮೀಟರ್, ಕೆರೆ ಮತ್ತು ಕಡಲಿನ ಪಾಲು ಕಳೆದರೆ ನೆಲ 80,000ದ ಹತ್ತಿರ. 2020ರ ಜನಗಣತಿ ಪ್ರಕಾರ ಜನ 13.6 ಲಕ್ಷ. ಅಂದರೆ ಒಂದು ಚದರ ಕಿಲೋಮೀಟರ್ ನೆಲಕ್ಕೆ 17 ಜನ. ಅದೂ ಸಮನಾಗಿ ಹಂಚಿಕೊಂಡಿಲ್ಲ. ಹೆಚ್ಚಿನವರು ದಕ್ಷಿಣದಲ್ಲಿ, ಪೋರ್ಟ್‌ಲ್ಯಾಂಡ್ ನಗರದ ಆಸುಪಾಸಿನಲ್ಲಿ ಇದ್ದಾರೆ. ಆ ಪೋರ್ಟ್‌ಲ್ಯಾಂಡೇ ರಾಜ್ಯದ ಅತಿ ದೊಡ್ಡ ಊರು, ಜನ 70 ಸಾವಿರ ಮುಟ್ಟುವುದಿಲ್ಲ. ರಾಜಧಾನಿ ಅಗಸ್ಟಾ ಇನ್ನೂ ಚಿಕ್ಕದು, 20 ಸಾವಿರದ ಒಳಗೆ.

ಸುಮಾರು 25,000 ವರ್ಷಗಳ ಹಿಂದೆ ಈ ಇಡೀ ನೆಲ ಹಿಮದ ಅಡಿ ಇತ್ತು. ಹಿಮ ಅಂದರೆ ಚಳಿಗಾಲದಲ್ಲಿ ಬಿದ್ದು ಬೇಸಿಗೆಗೆ ಕರಗುವ ಹಿಮವಲ್ಲ. ಕೆನಡಾ ಕಡೆಯಿಂದ ನಿಧಾನಕ್ಕೆ ಹರಿದುಬಂದ, ಒಂದೂವರೆ ಕಿಲೋಮೀಟರಿಗೂ ಜಾಸ್ತಿ ದಪ್ಪದ ಗಟ್ಟಿ ಪದರ. ರಾಜ್ಯದ ಅತಿ ಎತ್ತರದ ಬೆಟ್ಟ ಕಟಾಡಿನ್ 1,606 ಮೀಟರ್ ಇದೆ, ಅದೂ ಮುಳುಗಿತ್ತು. ಅಷ್ಟು ಭಾರದ ವಸ್ತು ಜರುಗುವಾಗ ಏನಾಗುತ್ತದೆ? ಮೆತ್ತನೆಯ ಕಲ್ಲನ್ನು ಕೆರೆದುಹಾಕುತ್ತದೆ, ಗಟ್ಟಿ ಗ್ರಾನೈಟನ್ನು ಉಜ್ಜಿ ಬೋಳು ಮಾಡುತ್ತದೆ, ಕಣಿವೆಗಳನ್ನು ಇನ್ನಷ್ಟು ಆಳಕ್ಕೆ ತೋಡುತ್ತದೆ. ಕೆರೆದ ಮಣ್ಣು ಕಲ್ಲನ್ನೆಲ್ಲ ಹೊತ್ತುಕೊಂಡು ಹೋಗಿ, ಕರಗಿದ ಜಾಗದಲ್ಲಿ ಸುರಿದುಬಿಡುತ್ತದೆ. ಮೇನ್‌ನಲ್ಲಿ ಈಗ ಸುಮಾರು 6,000 ಕೆರೆ ಸರೋವರಗಳಿವೆ. ಬಹುಪಾಲು ಆ ಹಿಮ ತೋಡಿದ ಗುಂಡಿಗಳು, ಇಲ್ಲವೇ ಅದು ಸುರಿದ ಮಣ್ಣಿನ ಒಡ್ಡಿಗೆ ಸಿಕ್ಕಿಕೊಂಡ ನೀರು.

ಕರಾವಳಿಯ ಕಥೆ ಇದಕ್ಕಿಂತ ಮಜವಾಗಿದೆ. ಹಿಮದ ಭಾರಕ್ಕೆ ನೆಲವೇ ಕುಸಿದಿತ್ತು. ಹಿಮ ಕರಗಿದಾಗ ಕಡಲು ಆ ತಗ್ಗಿಗೆ ನುಗ್ಗಿ ಬಹಳ ಒಳಗಿನವರೆಗೂ ಬಂತು. ಭಾರ ಇಳಿದ ಮೇಲೆ ನೆಲ ಮೆಲ್ಲಗೆ ಮೇಲೆದ್ದಿತು, ಕಡಲು ಹಿಂದೆ ಸರಿಯಿತು. ಆಮೇಲೆ ಪ್ರಪಂಚದ ಕಡಲುಗಳ ಮಟ್ಟವೇ ಏರಿ ಮತ್ತೆ ಒಳಗೆ ಬಂತು. ಈ ಹೋಗಿಬರುವ ಆಟದಲ್ಲಿ ಹಳೆಯ ಕಣಿವೆಗಳು ಮುಳುಗಿ ಕೊಲ್ಲಿಗಳಾದವು, ಅವುಗಳ ನಡುವಿನ ದಿಣ್ಣೆಗಳು ಕೈಬೆರಳುಗಳ ಹಾಗೆ ನೀರಿನೊಳಗೆ ಚಾಚಿಕೊಂಡವು, ಬೆಟ್ಟದ ನೆತ್ತಿಗಳು ದ್ವೀಪಗಳಾದವು. ಅಂಥ ದ್ವೀಪಗಳು 3,000ಕ್ಕೂ ಹೆಚ್ಚು.

ಹಾಗಾಗಿ ಮೇನ್‌ನ ಕಡಲತೀರ ಎಷ್ಟು ಉದ್ದ ಅಂತ ಕೇಳಿದರೆ ಎರಡು ಉತ್ತರಗಳಿವೆ. ಹಕ್ಕಿ ಹಾರಿದ ಹಾಗೆ ನೇರವಾಗಿ ಅಳೆದರೆ 367 ಕಿಲೋಮೀಟರ್. ಪ್ರತಿ ಕೊಲ್ಲಿಯ ಒಳಗೆ ಹೋಗಿ, ಪ್ರತಿ ದ್ವೀಪವನ್ನು ಸುತ್ತಿ, ಉಬ್ಬರದ ನೀರು ಮುಟ್ಟುವ ಅಂಚನ್ನೆಲ್ಲ ಅಳೆದರೆ ಸುಮಾರು 5,600 ಕಿಲೋಮೀಟರ್. ಅಮೆರಿಕ ಸರ್ಕಾರದ ಇದೇ ಎರಡನೇ ಅಳತೆಯಲ್ಲಿ ಕ್ಯಾಲಿಫೋರ್ನಿಯಾದ್ದು ಸುಮಾರು 5,515. ನಕ್ಷೆಯಲ್ಲಿ ಕ್ಯಾಲಿಫೋರ್ನಿಯಾ ಎಷ್ಟು ಉದ್ದಕ್ಕೆ ಮಲಗಿದೆ, ಮೇನ್ ಎಷ್ಟು ಮೂಲೆಯಲ್ಲಿ ಕೂತಿದೆ ಅಂತ ಒಮ್ಮೆ ನೋಡಿ. ಇಸ್ತ್ರಿ ಮಾಡಿದ ಬಟ್ಟೆಗೂ ಮುದುಡಿಟ್ಟ ಬಟ್ಟೆಗೂ ಇರುವ ವ್ಯತ್ಯಾಸ ಅಷ್ಟೇ.

ಮರಳಿನ ಬೀಚುಗಳು ದಕ್ಷಿಣದ ತುದಿಯಲ್ಲಿ ಕೆಲವಿವೆ. ಮಿಕ್ಕಂತೆ ಬಂಡೆ, ಮಂಜು, ದೀಪಸ್ತಂಭ. ಈ ಕರಾವಳಿಯ ಪೂರ್ವ ಭಾಗಕ್ಕೆ ‘ಡೌನ್ ಈಸ್ಟ್’ ಅನ್ನುತ್ತಾರೆ. ನಕ್ಷೆಯಲ್ಲಿ ಅದು ದಕ್ಷಿಣದ ಬಾಸ್ಟನ್ ನಗರಕ್ಕಿಂತ ಮೇಲಿದೆ, ಆದರೂ ‘ಕೆಳಗೆ’ ಯಾಕೆ? ಇದು ಹಾಯಿಹಡಗಿನ ಕಾಲದ ಮಾತು. ಬೇಸಿಗೆಯಲ್ಲಿ ಅಲ್ಲಿ ಗಾಳಿ ಬೀಸುವುದು ನೈರುತ್ಯದಿಂದ. ಬಾಸ್ಟನ್ನಿನಿಂದ ಹೊರಟ ಹಡಗು ಗಾಳಿ ತಳ್ಳಿದ ಕಡೆಗೇ, ಪೂರ್ವಕ್ಕೆ, ಸಲೀಸಾಗಿ ಹೋಗುತ್ತಿತ್ತು. ಗಾಳಿ ಹೋಗುವ ದಿಕ್ಕು ನಾವಿಕರಿಗೆ ‘ಕೆಳಗೆ’. ಮೇನ್‌ನ ಹಳಬರು ಈಗಲೂ ಬಾಸ್ಟನ್ನಿಗೆ ‘ಮೇಲೆ ಹೋಗಿಬರ್ತೀವಿ’ ಅನ್ನುವುದುಂಟು.

ಅದೇ ಪೂರ್ವದ ತುದಿಯಲ್ಲಿ, ಲೂಬೆಕ್ ಊರಿನ ಹತ್ತಿರ, ಕೆಂಪು ಬಿಳಿ ಪಟ್ಟೆಯ ಒಂದು ದೀಪಸ್ತಂಭವಿದೆ. ಆ ಜಾಗದ ಹೆಸರು ವೆಸ್ಟ್ ಕ್ವಾಡಿ ಹೆಡ್. ಐವತ್ತು ರಾಜ್ಯಗಳ ನಕ್ಷೆಯಲ್ಲಿ ನೆಲ ಪೂರ್ವಕ್ಕೆ ಮುಗಿಯುವ ಜಾಗಕ್ಕೆ ‘ಪಶ್ಚಿಮ’ ಅಂತ ಹೆಸರು! ಈಸ್ಟ್ ಕ್ವಾಡಿ ಹೆಡ್ ಇನ್ನೂ ಆಚೆ, ಕೆನಡಾದ ದ್ವೀಪವೊಂದರ ಮೇಲಿದೆ. ಅದಕ್ಕೇ ಈ ಗೊಂದಲ. ಇಲ್ಲಿ ಉಬ್ಬರ ಇಳಿತದ ನಡುವಿನ ಅಂತರ ಆರು ಮೀಟರಿನ ಹತ್ತಿರ, ಅಂದರೆ ಎರಡು ಮಹಡಿಯ ಎತ್ತರ. ದೋಣಿಕಟ್ಟೆಗಳನ್ನು ಅದಕ್ಕೆ ತಕ್ಕ ಹಾಗೆ ಎತ್ತರದ ಕಂಬಗಳ ಮೇಲೆ ಕಟ್ಟಿರುತ್ತಾರೆ.

ಈ ನೆಲದ ಮೂಲ ಜನ ತಮ್ಮನ್ನು ವಾಬನಾಕಿ ಅಂತ ಕರೆದುಕೊಂಡರು. ಬೆಳಗಾಗುವ ನಾಡಿನವರು ಅಂತ ಅರ್ಥ. ಪಸಮಕ್ವಾಡಿ, ಪೆನಾಬ್‌ಸ್ಕಾಟ್, ಮಲಿಸೀಟ್, ಮಿಕ್ಮಾಕ್ ಈ ನಾಲ್ಕೂ ಬುಡಕಟ್ಟುಗಳು ಇಂದಿಗೂ ಅಲ್ಲಿವೆ. ತಮ್ಮಿಂದ ಕಾನೂನುಬಾಹಿರವಾಗಿ ಕಿತ್ತುಕೊಂಡ ಭೂಮಿಗಾಗಿ ಪಸಮಕ್ವಾಡಿ ಮತ್ತು ಪೆನಾಬ್‌ಸ್ಕಾಟ್ ಜನ ಕೋರ್ಟಿಗೆ ಹೋದರು. ಅದರ ಫಲವಾಗಿ 1980ರಲ್ಲಿ ಅಮೆರಿಕ ಸರ್ಕಾರ 8.15 ಕೋಟಿ ಡಾಲರ್‌ಗಳ ಒಪ್ಪಂದಕ್ಕೆ ಬರಬೇಕಾಯಿತು. ಆ ಒಪ್ಪಂದ ಬುಡಕಟ್ಟುಗಳ ಅಧಿಕಾರವನ್ನು ಎಷ್ಟು ಕಟ್ಟಿಹಾಕಿದೆ ಅನ್ನುವ ಜಗಳ ಇನ್ನೂ ಮುಗಿದಿಲ್ಲ.

ಕಾಗೆ ಕಾಲಿನ ಗುರುತು

ಮೇನ್‌ನ ನೆಲದಲ್ಲಿ ನೂರಕ್ಕೆ ಸುಮಾರು 89 ಪಾಲು ಕಾಡು. ಈ ಲೆಕ್ಕದಲ್ಲಿ ಅಮೆರಿಕದ ಯಾವ ರಾಜ್ಯವೂ ಅದರ ಮುಂದಿಲ್ಲ. ಹಿಮ ಉಜ್ಜಿ ಬಿಟ್ಟ ತೆಳ್ಳನೆಯ, ಕಲ್ಲು ತುಂಬಿದ ಮಣ್ಣಿನಲ್ಲಿ ಬೇಸಾಯ ಕಷ್ಟ, ಮರ ಸುಲಭ. ಹಾಗಂತ ಅದೆಲ್ಲ ಕೊಡಲಿ ಕಾಣದ ಕಾಡು ಅಂದುಕೊಳ್ಳಬೇಡಿ. ಬಹುಪಾಲು ಒಂದಲ್ಲ ಎರಡು ಮೂರು ಸಲ ಕಡಿದು ಮತ್ತೆ ಬೆಳೆದದ್ದು. 19ನೇ ಶತಮಾನದಲ್ಲಿ ದಕ್ಷಿಣ ಭಾಗದ ಕಾಡನ್ನು ಸವರಿ ಹೊಲ ಮಾಡಿದ್ದರು. ಆಮೇಲೆ ಪಶ್ಚಿಮದ ರಾಜ್ಯಗಳಲ್ಲಿ ಒಳ್ಳೆಯ ಭೂಮಿ ಸಿಕ್ಕಿದಾಗ ಜನ ಹೊಲ ಬಿಟ್ಟು ಹೋದರು, ಕಾಡು ವಾಪಸ್ ಬಂತು. ಇವತ್ತು ಆ ಕಾಡಿನಲ್ಲಿ ನಡೆಯುತ್ತಾ ಹೋದರೆ ಮರಗಳ ನಡುವೆ ಸುಮ್ನೆ ಒಂದು ಕಲ್ಲಿನ ಗೋಡೆ ಎದುರಾಗುತ್ತದೆ. ಯಾರದೋ ಹೊಲದ ಬದು ಅದು.

ಬಿಳಿ ಪೈನ್ ಮರ ಐವತ್ತು ಮೀಟರ್‌ವರೆಗೂ ನೆಟ್ಟಗೆ ಬೆಳೆಯಬಲ್ಲದು. ಹಾಯಿಹಡಗಿನ ನಡುಗಂಬಕ್ಕೆ ಅದಕ್ಕಿಂತ ಒಳ್ಳೆಯ ಮರ ಇಂಗ್ಲೆಂಡಿನಲ್ಲಿ ಇರಲಿಲ್ಲ. ಮೇನ್ ಆಗ ಮ್ಯಾಸಚೂಸೆಟ್ಸ್ ವಸಾಹತಿನ ಭಾಗ. 1691ರ ರಾಜಶಾಸನದಲ್ಲಿ ಒಂದು ನಿಯಮ ಸೇರಿತು: ಖಾಸಗಿಯವರಿಗೆ ಕೊಟ್ಟಿರದ ನೆಲದಲ್ಲಿ 24 ಇಂಚು ಅಡ್ಡಳತೆ ದಾಟಿದ ಪೈನ್ ಮರಗಳೆಲ್ಲ ರಾಜನ ನೌಕಾಪಡೆಗೆ ಸೇರಿದ್ದು. ಅಂಥ ಮರಕ್ಕೆ ಕೊಡಲಿಯಿಂದ ಮೂರು ಕಚ್ಚು ಹಾಕಿ ಗುರುತು ಮಾಡುತ್ತಿದ್ದರು. ನೋಡಲು ಕಾಗೆ ಕಾಲಿನ ಹಾಗೆ ಇರುತ್ತಿತ್ತು. ತಮ್ಮ ಹಿತ್ತಲಿನಾಚೆಯ ಮರ ಎಲ್ಲೋ ದೂರದ ರಾಜನದು ಅಂದರೆ ಯಾರು ಒಪ್ಪುತ್ತಾರೆ? ರಾತ್ರೋರಾತ್ರಿ ಕಡಿಯುವುದು, ಕೊಯ್ದ ಹಲಗೆಯ ಅಗಲ 24 ಇಂಚಿಗೆ ಸ್ವಲ್ಪ ಕಡಿಮೆ ಇರುವಂತೆ ನೋಡಿಕೊಳ್ಳುವುದು ನಡೆಯಿತು. ಇಂಗ್ಲೆಂಡಿನ ಮೇಲಿನ ಸಿಟ್ಟು ಬೆಳೆದದ್ದರಲ್ಲಿ ಈ ಮರಗಳ ಪಾಲೂ ಇದೆ.

ಸ್ವಾತಂತ್ರ್ಯದ ನಂತರ ಮೇನ್ 1820ರ ಮಾರ್ಚ್ 15ರಂದು ಬೇರೆ ರಾಜ್ಯವಾಯಿತು. ಅದೇನೂ ಸರಳವಾಗಿ ಆಗಲಿಲ್ಲ. ಗುಲಾಮಗಿರಿ ಇರುವ ಮಿಸೌರಿಯನ್ನು ಒಕ್ಕೂಟಕ್ಕೆ ಸೇರಿಸಿಕೊಳ್ಳಬೇಕಿತ್ತು. ಅದಕ್ಕೆ ಸರಿತೂಗಲು ಗುಲಾಮಗಿರಿ ಇಲ್ಲದ ಮೇನ್ ಬೇಕಾಯಿತು. ತಕ್ಕಡಿಯ ಇನ್ನೊಂದು ತಟ್ಟೆಗೆ ಇಟ್ಟ ತೂಕದಂತೆ ಅದು ರಾಜ್ಯವಾಯಿತು.

ಮುಂದಿನ ನೂರೈವತ್ತು ವರ್ಷ ಮರದ್ದೇ ಆಳ್ವಿಕೆ. ಚಳಿಗಾಲದಲ್ಲಿ ಕಡಿದು, ಹಿಮದ ಮೇಲೆ ಎಳೆದು ನದಿಯ ದಡಕ್ಕೆ ರಾಶಿ ಹಾಕುವುದು. ವಸಂತದಲ್ಲಿ ಹಿಮ ಕರಗಿ ನದಿ ತುಂಬಿದಾಗ ದಿಮ್ಮಿಗಳನ್ನು ತೇಲಿಬಿಡುವುದು. ಪೆನಾಬ್‌ಸ್ಕಾಟ್ ನದಿಯ ದಡದ ಬ್ಯಾಂಗರ್ ಊರು 19ನೇ ಶತಮಾನದ ನಡುವಿನಲ್ಲಿ ಜಗತ್ತಿನ ದೊಡ್ಡ ಮರದ ಪೇಟೆಗಳಲ್ಲಿ ಒಂದಾಗಿತ್ತು. ದೊಡ್ಡ ಪೈನ್ ಮರಗಳು ಮುಗಿದ ಮೇಲೆ ಸ್ಪ್ರೂಸ್, ಫರ್ ಮರಗಳ ಸರದಿ. ಅವುಗಳಿಂದ ಕಾಗದ. 1900ರಲ್ಲಿ ಕಾಡಿನ ನಡುವೆ ಮಿಲಿನಾಕೆಟ್ ಎಂಬ ಊರು ಕಾಗದದ ಗಿರಣಿಯ ಜೊತೆಗೇ ಹುಟ್ಟಿತು. ಎಷ್ಟು ಬೇಗ ಎದ್ದಿತೆಂದರೆ ಅದನ್ನು ‘ಮಾಯಾನಗರಿ’ ಅಂತ ಕರೆದರು. ಕೆನೆಬೆಕ್ ನದಿಯಲ್ಲಿ ದಿಮ್ಮಿ ತೇಲಿಸುವುದು 1976ರಲ್ಲಿ ನಿಂತಿತು. ಅದರೊಂದಿಗೆ ರಾಜ್ಯದಲ್ಲೇ ಆ ಪದ್ಧತಿ ಮುಗಿಯಿತು.

ಇದರ ಜೊತೆಗೆ ಅಷ್ಟಾಗಿ ಯಾರೂ ನೆನೆಯದ ಇನ್ನೊಂದು ವ್ಯಾಪಾರ ಇತ್ತು, ಮಂಜುಗಡ್ಡೆಯದು. ಫ್ರಿಜ್ ಇಲ್ಲದ ಕಾಲದಲ್ಲಿ ಕೆನೆಬೆಕ್ ನದಿಯ ಮೇಲ್ಮೈ ಗಟ್ಟಿಯಾದಾಗ ಅದನ್ನು ಗರಗಸದಿಂದ ಇಟ್ಟಿಗೆಗಳ ಹಾಗೆ ಕೊಯ್ದು, ದೊಡ್ಡ ಕಣಜಗಳಲ್ಲಿ ತುಂಬಿ, ಬೇಸಿಗೆಯಲ್ಲಿ ಹಡಗಿಗೆ ಹಾಕುತ್ತಿದ್ದರು. ಕರಗದಂತೆ ಸುತ್ತ ಒತ್ತುತ್ತಿದ್ದದ್ದು ಮರದ ಹೊಟ್ಟು. ಅದು ಪಕ್ಕದ ಗರಗಸದ ಗಿರಣಿಗಳಲ್ಲಿ ಬೇಕಾದಷ್ಟು ಸಿಗುತ್ತಿತ್ತು. ಈ ವ್ಯಾಪಾರಕ್ಕೆ ದಾರಿ ಮಾಡಿದವನು ಬಾಸ್ಟನ್ನಿನ ಫ್ರೆಡರಿಕ್ ಟ್ಯೂಡರ್. ಅವನು ಕಳಿಸಿದ ಮಂಜುಗಡ್ಡೆ 1833ರಲ್ಲಿ ಕಲ್ಕತ್ತೆಗೆ ಬಂದಿಳಿಯಿತು. ಮದ್ರಾಸಿನ ಕಡಲ ದಂಡೆಯಲ್ಲಿ ಅದನ್ನಿಡಲು ಕಟ್ಟಿದ ಐಸ್ ಹೌಸ್ ಇಂದು ವಿವೇಕಾನಂದರ ಹೆಸರಿನಲ್ಲಿದೆ. ಚೆನ್ನೈಗೆ ಹೋದಾಗ ಮರೀನಾ ಬೀಚಿನ ಎದುರು ಆ ದುಂಡನೆಯ ಕಟ್ಟಡ ನೋಡಿದವರು ನಮ್ಮಲ್ಲಿ ಬಹಳ ಜನ ಇದ್ದಾರೆ. ಅದು ಯಾಕೆ ಹಾಗಿದೆ ಅನ್ನುವುದಕ್ಕೆ ಉತ್ತರ ಅಟ್ಲಾಂಟಿಕ್‌ನ ಆಚೆ ಇದೆ.

ಕಾಗದದ ಕಾಲಕ್ಕೆ ನದಿಗಳು ತೆತ್ತ ಬೆಲೆ ದೊಡ್ಡದು. ಆಂಡ್ರಸ್ಕಾಗಿನ್ ನದಿ ಗಿರಣಿಗಳ ಕೊಳೆಯಿಂದ ಉಸಿರು ಕಳೆದುಕೊಂಡಿತ್ತು. ಬೇಸಿಗೆಯಲ್ಲಿ ದಡದ ಊರುಗಳಿಗೆ ನಾತ ತಡೆಯಲು ಆಗುತ್ತಿರಲಿಲ್ಲ. ಅದೇ ನದಿಯ ದಡದ ಗಿರಣಿ ಊರು ರಮ್‌ಫರ್ಡ್‌ನಲ್ಲಿ 1914ರಲ್ಲಿ ಎಡ್ಮಂಡ್ ಮಸ್ಕಿ ಹುಟ್ಟಿದರು. ಮುಂದೆ ಸೆನೆಟರ್ ಆಗಿ, 1972ರ ಶುದ್ಧ ನೀರಿನ ಕಾಯ್ದೆಯನ್ನು ಮುಂದೆ ನಿಂತು ತಂದವರು ಅವರೇ. ಅಧ್ಯಕ್ಷ ನಿಕ್ಸನ್ ಅದನ್ನು ತಡೆದರು, ಸಂಸತ್ತು ಅವರ ತಡೆಯನ್ನು ಮೀರಿ ಪಾಸು ಮಾಡಿತು. ಇಡೀ ಅಮೆರಿಕದ ನದಿಗಳ ಕಾನೂನಿಗೆ ಒಂದು ಗಿರಣಿ ಊರಿನ ಹುಡುಗನ ಮೂಗು ಕಾರಣ ಅಂದರೆ ಸ್ವಲ್ಪ ಉತ್ಪ್ರೇಕ್ಷೆ ಆಗಬಹುದು, ಆದರೆ ಪೂರ್ತಿ ಸುಳ್ಳಲ್ಲ.

1999ರಲ್ಲಿ ಅಗಸ್ಟಾದಲ್ಲಿ ಕೆನೆಬೆಕ್ ನದಿಗೆ ಅಡ್ಡಲಾಗಿದ್ದ, 1837ರಲ್ಲಿ ಕಟ್ಟಿದ ಎಡ್ವರ್ಡ್ಸ್ ಅಣೆಕಟ್ಟನ್ನು ಒಡೆದರು. ವಿದ್ಯುತ್ ಮಾಡುತ್ತಿದ್ದ ಅಣೆಕಟ್ಟಿನ ಪರವಾನಗಿಯನ್ನು ಕೇಂದ್ರ ಸರ್ಕಾರದ ಆಯೋಗವೇ ಮುಂದುವರಿಸಲು ಒಪ್ಪದೆ, ತೆಗೆಯಲು ಹೇಳಿದ್ದು ಅದೇ ಮೊದಲು. ಕಡಲಿನಿಂದ ನದಿಗೆ ಬಂದು ಮೊಟ್ಟೆಯಿಡುವ ಏಲ್‌ವೈಫ್ ಎಂಬ ಮೀನುಗಳು ಲಕ್ಷಗಟ್ಟಲೆ ವಾಪಸ್ ಬಂದವು. ಇದು ಬರೀ ಪರಿಸರದ ಕಥೆಯಲ್ಲ. ವಸಂತದಲ್ಲಿ ಲಾಬ್‌ಸ್ಟರ್ (ಏಡಿ, ಸೀಗಡಿಗಳ ಬಳಗದ ದೊಡ್ಡ ಕಡಲ ಜೀವಿ) ಹಿಡಿಯುವವರು ಬೋನಿಗೆ ಹಾಕುವ ಎರೆ ಈ ಮೀನೇ.

ಗಿರಣಿಗಳು ಈಗ ಬಹಳಷ್ಟು ಮುಚ್ಚಿವೆ. ಮಿಲಿನಾಕೆಟ್‌ನದು 2008ರಲ್ಲಿ ನಿಂತಿತು. ಕಾಗದದ ಬೇಡಿಕೆ ಇಳಿಯಿತು, ಹೊರಗಿನ ಪೈಪೋಟಿ ಏರಿತು, ಹಳೆಯ ಯಂತ್ರಗಳಿಗೆ ಹಣ ಹಾಕುವವರು ಇರಲಿಲ್ಲ. ಕಾಡು ಮಾತ್ರ ಅಲ್ಲೇ ಇದೆ, ಅದರಲ್ಲಿ ನೂರಕ್ಕೆ 90 ಪಾಲಿಗೂ ಹೆಚ್ಚು ಖಾಸಗಿಯವರ ಕೈಯಲ್ಲಿ. ಉತ್ತರ ಮೇನ್‌ನ ನಕ್ಷೆ ನೋಡಿದರೆ ಇದು ತಿಳಿಯುತ್ತದೆ. ಊರಿನ ಹೆಸರು ಇರಬೇಕಾದ ಕಡೆ ‘ಟಿ3 ಆರ್11 ವೆಲ್ಸ್’ ಅಂತ ಬರೆದಿರುತ್ತದೆ. ಹನ್ನೊಂದನೇ ಸಾಲಿನ ಮೂರನೇ ಚೌಕ, ರಾಜ್ಯದ ಪೂರ್ವ ಗಡಿಗೆರೆಯಿಂದ ಪಶ್ಚಿಮಕ್ಕೆ ಎಣಿಸಿದಾಗ, ಅಂತ ಅದರ ಅರ್ಥ. ಸರ್ವೆಯವರು ಚೌಕ ಎಳೆದರು, ಹೆಸರಿಡಲು ಜನ ಬರಲೇ ಇಲ್ಲ. ರಾಜ್ಯದ ಅರ್ಧದಷ್ಟು ನೆಲಕ್ಕೆ ಇವತ್ತಿಗೂ ಸ್ಥಳೀಯ ಸರ್ಕಾರ ಅನ್ನುವುದಿಲ್ಲ.

ಇಷ್ಟೆಲ್ಲ ಖಾಸಗಿ ಕಾಡಿನ ನಡುವೆ ಕಟಾಡಿನ್ ಬೆಟ್ಟ ಸಾರ್ವಜನಿಕರದ್ದಾಗಿ ಉಳಿದದ್ದು ಒಬ್ಬ ಮನುಷ್ಯನ ಹಟದಿಂದ. 1920ರ ದಶಕದಲ್ಲಿ ಗವರ್ನರ್ ಆಗಿದ್ದ ಪರ್ಸಿವಲ್ ಬ್ಯಾಕ್ಸ್‌ಟರ್ ಅದನ್ನು ಕೊಳ್ಳಲು ಶಾಸನಸಭೆಯನ್ನು ಒಪ್ಪಿಸಲು ನೋಡಿದರು, ಆಗಲಿಲ್ಲ. ಹುದ್ದೆ ಬಿಟ್ಟ ಮೇಲೆ ಸ್ವಂತ ದುಡ್ಡಿನಿಂದ 1930ರಲ್ಲಿ ಬೆಟ್ಟ ಕೊಂಡು ರಾಜ್ಯಕ್ಕೆ ಕೊಟ್ಟರು. ಅಲ್ಲಿಗೇ ನಿಲ್ಲಿಸದೆ 1962ರವರೆಗೂ ತುಂಡು ತುಂಡಾಗಿ ಕೊಳ್ಳುತ್ತಾ, ಕೊಡುತ್ತಾ ಹೋದರು. ಒಟ್ಟು ಎರಡು ಲಕ್ಷ ಎಕರೆಗೂ ಹೆಚ್ಚು. ಕಾಡು ಕಾಡಾಗಿಯೇ ಇರಬೇಕು ಅನ್ನುವುದು ಅವರ ಷರತ್ತು. ಜಾರ್ಜಿಯಾದಿಂದ ಶುರುವಾಗುವ ಸುಮಾರು 3,500 ಕಿಲೋಮೀಟರಿನ ಅಪಲೇಚಿಯನ್ ಕಾಲುದಾರಿ ಮುಗಿಯುವುದು ಈ ಬೆಟ್ಟದ ನೆತ್ತಿಯಲ್ಲೇ.

ಬೋನು, ಗೇಜು, ಬಾಲದ ಕಚ್ಚು

ಲಾಬ್‌ಸ್ಟರ್ ಅಂದರೆ ಮೇನ್, ಮೇನ್ ಅಂದರೆ ಲಾಬ್‌ಸ್ಟರ್ ಅನ್ನುವಷ್ಟು ಈ ಎರಡು ಹೆಸರು ಅಂಟಿಕೊಂಡಿವೆ. ಅಮೆರಿಕದಲ್ಲಿ ಹಿಡಿಯುವ ಈ ಜಾತಿಯ ಲಾಬ್‌ಸ್ಟರ್‌ನಲ್ಲಿ ಐದರಲ್ಲಿ ನಾಲ್ಕು ಪಾಲು ಇಲ್ಲಿಯದು. ಇದಕ್ಕೂ ಹಿಮಕ್ಕೂ ಸಂಬಂಧ ಇದೆ. ಎಳೆಯ ಲಾಬ್‌ಸ್ಟರ್‌ಗೆ ಅವಿತುಕೊಳ್ಳಲು ಕಡಲ ತಳದಲ್ಲಿ ಕಲ್ಲಿನ ಸಂದುಗಳು ಬೇಕು. ಹಿಮ ಹೊತ್ತುತಂದು ಸುರಿದ ಗುಂಡುಕಲ್ಲುಗಳೇ ಅವಕ್ಕೆ ಮನೆ. ನೀರೂ ತಣ್ಣಗಿದೆ.

ಹಿಡಿಯುವ ಕೆಲಸ ದೊಡ್ಡ ಹಡಗುಗಳದ್ದಲ್ಲ. ಒಬ್ಬ ಮಾಲೀಕ, ಒಂದು ಚಿಕ್ಕ ದೋಣಿ, ಜೊತೆಗೆ ಒಬ್ಬಿಬ್ಬರು ಆಳು. ಲೈಸೆನ್ಸ್ ಇದ್ದವನೇ ದೋಣಿ ನಡೆಸಬೇಕು, ಹಾಗಾಗಿ ಕಂಪನಿಗಳು ದೋಣಿಗಳ ಹಿಂಡು ಕಟ್ಟಿಕೊಂಡು ಬರಲು ಆಗುವುದಿಲ್ಲ. ಒಬ್ಬರಿಗೆ ಹೆಚ್ಚೆಂದರೆ 800 ಬೋನು. ಬಲೆ ಎಳೆದು ಹಿಡಿಯುವಂತಿಲ್ಲ. ಪ್ರತಿ ಬೋನಿನ ಹಗ್ಗಕ್ಕೂ ಮೇಲೆ ಒಂದು ತೇಲುಬುರುಡೆ, ಅದಕ್ಕೆ ಅವರವರದೇ ಬಣ್ಣ.

ಸಿಕ್ಕಿದ್ದನ್ನೆಲ್ಲ ಇಟ್ಟುಕೊಳ್ಳುವಂತಿಲ್ಲ. ಕೈಯಲ್ಲೊಂದು ಲೋಹದ ಗೇಜು ಇರುತ್ತದೆ. ಕಣ್ಣಿನ ಗುಳಿಯಿಂದ ಬೆನ್ನಿನ ಚಿಪ್ಪಿನ ತುದಿಗೆ ಅಳೆಯಬೇಕು. 83 ಮಿಲಿಮೀಟರಿಗಿಂತ ಚಿಕ್ಕದಾದರೆ ನೀರಿಗೆ ವಾಪಸ್. ಇದು ಎಲ್ಲ ಕಡೆ ಇರುವ ನಿಯಮವೇ. ಆದರೆ 127 ಮಿಲಿಮೀಟರಿಗಿಂತ ದೊಡ್ಡದಾದರೂ ವಾಪಸ್. ಯಾಕೆಂದರೆ ದೊಡ್ಡವೇ ಜಾಸ್ತಿ ಮೊಟ್ಟೆಯಿಡುತ್ತವೆ. ಇನ್ನೊಂದು ನಿಯಮ ನನಗೆ ಎಲ್ಲಕ್ಕಿಂತ ಇಷ್ಟ. ಹೊಟ್ಟೆಯಡಿ ಮೊಟ್ಟೆ ಹೊತ್ತ ಹೆಣ್ಣು ಸಿಕ್ಕರೆ ಅದರ ಬಾಲದ ರೆಕ್ಕೆಯಲ್ಲಿ ವಿ ಆಕಾರದ ಸಣ್ಣ ಕಚ್ಚು ಮಾಡಿ ಬಿಡುತ್ತಾರೆ. ಮುಂದಿನ ವರ್ಷ ಅದು ಮೊಟ್ಟೆ ಇಲ್ಲದೆ ಇನ್ಯಾರದೋ ಬೋನಿಗೆ ಬಿದ್ದರೂ ಆ ಕಚ್ಚು ನೋಡಿ ಅವರೂ ಬಿಡಬೇಕು. ‘ಇವಳು ತಾಯಿ’ ಅಂತ ಒಬ್ಬ ಮೀನುಗಾರ ಮುಖ ನೋಡದ ಇನ್ನೊಬ್ಬನಿಗೆ ಬರೆದಿಟ್ಟ ಚೀಟಿ ಅದು.

ಕಾನೂನಿನ ಪುಸ್ತಕದಲ್ಲಿ ಇಲ್ಲದ ನಿಯಮಗಳೂ ಇವೆ. ಯಾವ ಬಂದರಿನವರು ಎಲ್ಲಿವರೆಗೆ ಬೋನು ಹಾಕಬಹುದು ಅನ್ನುವುದು ಅಲ್ಲಿನವರಿಗೆ ತಲೆಮಾರುಗಳಿಂದ ಗೊತ್ತು. ಹೊರಗಿನವನು ಗೆರೆ ದಾಟಿದರೆ ಮೊದಲು ಅವನ ತೇಲುಬುರುಡೆಗೆ ಹಗ್ಗದ ಒಂದು ಗಂಟು ಹಾಕಿ ಬಿಡುತ್ತಾರೆ. ಅದು ಎಚ್ಚರಿಕೆ. ಕೇಳದಿದ್ದರೆ ಹಗ್ಗವನ್ನೇ ಕತ್ತರಿಸುತ್ತಾರೆ, ಬೋನು ಕಡಲಿನ ತಳದಲ್ಲೇ ಉಳಿಯುತ್ತದೆ. ಹಗ್ಗ ಕತ್ತರಿಸುವುದು ಅಪರಾಧವೇ, ಆದರೂ ನಡೆಯುತ್ತದೆ. ಕಡಲು ಬರಿದಾಗದೆ ಉಳಿದದ್ದರಲ್ಲಿ ಸರ್ಕಾರದ ನಿಯಮದಷ್ಟೇ ಈ ಒರಟು ನಿಯಮಕ್ಕೂ ಪಾಲು ಕೊಡುವ ವಿದ್ವಾಂಸರಿದ್ದಾರೆ.

2016ರಲ್ಲಿ ದಾಖಲೆಯ ಹಿಡಿತ, ಸುಮಾರು 6 ಕೋಟಿ ಕಿಲೊ. ಬೆಲೆಯ ಲೆಕ್ಕದಲ್ಲಿ 2021 ಎಲ್ಲಕ್ಕಿಂತ ಮೇಲೆ, 72 ಕೋಟಿ ಡಾಲರ್ ದಾಟಿತು. ಆಮೇಲೆ ತೂಕ ಇಳಿಯುತ್ತಾ ಬಂದಿದೆ, 2024ರಲ್ಲಿ 4 ಕೋಟಿ ಕಿಲೊಗಿಂತ ಕಡಿಮೆ. ಇಲ್ಲಿ ಒಂದು ವಿಚಿತ್ರ ಇದೆ. ಮೇನ್ ಕೊಲ್ಲಿಯ ನೀರು ಜಗತ್ತಿನ ಹೆಚ್ಚಿನ ಕಡಲುಗಳಿಗಿಂತ ವೇಗವಾಗಿ ಬಿಸಿಯಾಗುತ್ತಿದೆ. ಮೊದಲು ಅದು ಮೇನ್‌ಗೆ ಲಾಭವನ್ನೇ ತಂದಿತು. ದಕ್ಷಿಣದ ರಾಜ್ಯಗಳ ನೀರು ತೀರಾ ಬೆಚ್ಚಗಾಗಿ ಅಲ್ಲಿನ ಲಾಬ್‌ಸ್ಟರ್ ಕುಸಿದಾಗ, ಇಲ್ಲಿನ ತಣ್ಣೀರು ಸ್ವಲ್ಪ ಬೆಚ್ಚಗಾಗಿ ಅವಕ್ಕೆ ಹಿತವಾಯಿತು. ಅವನ್ನು ತಿನ್ನುತ್ತಿದ್ದ ಕಾಡ್ ಮೀನನ್ನು ಮನುಷ್ಯರು ಆಗಲೇ ಹಿಡಿದು ಮುಗಿಸಿದ್ದರು. ಆದರೆ ಬಿಸಿ ಅಲ್ಲಿಗೇ ನಿಲ್ಲುವುದಿಲ್ಲವಲ್ಲ. ಇಲ್ಲಿ ತಣ್ಣೀರಿನ ಸೀಗಡಿ ಹಿಡಿಯುವುದನ್ನು 2014ರಿಂದ ಮುಚ್ಚಲಾಗಿದೆ. ಲಾಬ್‌ಸ್ಟರ್ ಕೂಡ ಪೂರ್ವಕ್ಕೆ, ಕೆನಡಾ ಕಡೆಗೆ ಸರಿಯುತ್ತಿದೆ. ಜೊತೆಗೆ ಬೋನಿನ ಹಗ್ಗಕ್ಕೆ ಸಿಕ್ಕಿಕೊಳ್ಳುವ ಅಪರೂಪದ ರೈಟ್ ತಿಮಿಂಗಿಲಗಳ ವಿಷಯದಲ್ಲಿ ಮೀನುಗಾರರಿಗೂ ಪರಿಸರದವರಿಗೂ ದೊಡ್ಡ ಜಗಳ ನಡೆದಿದೆ.

ಕಡಲಿನ ಇನ್ನೊಂದು ದಂಧೆ ಹಡಗು ಕಟ್ಟುವುದು. 1607ರಲ್ಲೇ ಇಂಗ್ಲಿಷರು ಇಲ್ಲಿ ‘ವರ್ಜಿನಿಯಾ’ ಎಂಬ ಹಡಗು ಕಟ್ಟಿದ್ದರು. ಬಾತ್ ಊರಿನಲ್ಲಿ ಆ ಕೆಲಸ ಇನ್ನೂ ನಿಂತಿಲ್ಲ. 1884ರಲ್ಲಿ ಶುರುವಾದ ಬಾತ್ ಐರನ್ ವರ್ಕ್ಸ್ ಇಂದು ಅಮೆರಿಕದ ನೌಕಾಪಡೆಗೆ ಡಿಸ್ಟ್ರಾಯರ್ ಯುದ್ಧನೌಕೆಗಳನ್ನು ಕಟ್ಟುತ್ತದೆ, ಸಾವಿರಾರು ಜನಕ್ಕೆ ಕೆಲಸ ಕೊಟ್ಟಿದೆ.

ಮಣ್ಣು ಕೊಟ್ಟದ್ದು

ಪೂರ್ವದ ವಾಷಿಂಗ್ಟನ್ ಕೌಂಟಿಯಲ್ಲಿ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ) ಹಿಮದ ನೀರು ಹರಿಸಿ ತಂದ ಮರಳು ಜಲ್ಲಿಯ ಬಯಲುಗಳಿವೆ. ಹುಳಿ ಮಣ್ಣು, ನೀರು ನಿಲ್ಲುವುದಿಲ್ಲ. ಬೇರೆ ಬೆಳೆಗೆ ಪ್ರಯೋಜನವಿಲ್ಲ. ಮೊಣಕಾಲೆತ್ತರವೂ ಬೆಳೆಯದ ಕಾಡು ಬ್ಲೂಬೆರಿಗೆ ಅದೇ ಬೇಕು. ಇದನ್ನು ಯಾರೂ ನೆಡುವುದಿಲ್ಲ. ನೆಲದಡಿ ತಾನಾಗಿ ಹಬ್ಬುತ್ತದೆ, ಮನುಷ್ಯರು ಕಳೆ ತೆಗೆದು ಅದಕ್ಕೆ ಜಾಗ ಮಾಡಿಕೊಡುತ್ತಾರೆ ಅಷ್ಟೇ. ಒಂದು ವರ್ಷ ಹಣ್ಣು, ಮರು ವರ್ಷ ವಿಶ್ರಾಂತಿ. ಕೊಯ್ಲಿನ ನಂತರ ಗಿಡವನ್ನು ಬುಡದವರೆಗೆ ಸುಡುತ್ತಾರೆ ಅಥವಾ ಕತ್ತರಿಸುತ್ತಾರೆ, ಮತ್ತೆ ಚಿಗುರುತ್ತದೆ. ಸುಡುವ ಈ ವಿದ್ಯೆ ವಾಬನಾಕಿ ಜನರದು. ಹಣ್ಣು ಬಿಡಿಸಲು ದೊಡ್ಡ ಬಾಚಣಿಗೆಗೆ ಡಬ್ಬಿ ಜೋಡಿಸಿದಂಥ ಒಂದು ಸಾಧನವಿದೆ, ಬಗ್ಗಿ ಬಾಚಿಕೊಂಡು ಹೋಗಬೇಕು. ಸೊಂಟಕ್ಕೆ ಭಾರೀ ಕೆಲಸ. ಈಗ ಯಂತ್ರಗಳೂ ಬಂದಿವೆ. ಮಾರುಕಟ್ಟೆಯಲ್ಲಿ ಸಾಮಾನ್ಯವಾಗಿ ಕಾಣುವ ದಪ್ಪ ಬ್ಲೂಬೆರಿ ಬೇರೆ ಜಾತಿ, ತೋಟದ್ದು. ಈ ಚಿಕ್ಕದು ಹೆಚ್ಚಾಗಿ ಫ್ರೀಜ್ ಆಗಿಯೇ ಮಾರಾಟವಾಗುತ್ತದೆ.

ಉತ್ತರದ ಅರೂಸ್ಟಕ್ ಕೌಂಟಿ ಕನೆಕ್ಟಿಕಟ್ ರಾಜ್ಯಕ್ಕಿಂತ ದೊಡ್ಡದು. ಮೇನ್‌ನಲ್ಲಿ ಬರೀ ‘ದಿ ಕೌಂಟಿ’ ಅಂದರೆ ಅದೇ. ಅಲ್ಲಿ ಮಣ್ಣು ಚೆನ್ನಾಗಿದೆ, ಆಲೂಗಡ್ಡೆ ಬೆಳೆಯುತ್ತಾರೆ. ಆಲೂಗಡ್ಡೆ ಕೀಳುವ ಕಾಲಕ್ಕೆ ಶಾಲೆಗಳಿಗೆ ರಜೆ ಕೊಡುವ ಪದ್ಧತಿ ಕೆಲವು ಊರುಗಳಲ್ಲಿ ಇನ್ನೂ ಇದೆ. ಕೆನಡಾ ಗಡಿಯ ಸೇಂಟ್ ಜಾನ್ ಕಣಿವೆಯಲ್ಲಿ ಇಂದಿಗೂ ಫ್ರೆಂಚ್ ಮಾತಾಡುವ ಮನೆಗಳಿವೆ. ಅವರ ಅಡುಗೆಮನೆಯ ‘ಪ್ಲಾಯ್’ ಅನ್ನು ನಮ್ಮವರು ನೋಡಿದರೆ ಸೆಟ್ ದೋಸೆ ಅಂದುಬಿಡುತ್ತಾರೆ. ಬಕ್‌ವೀಟ್ ಎಂಬ ಕಾಳಿನ ಹಿಟ್ಟಿನದು, ಒಂದೇ ಮಗ್ಗುಲು ಬೇಯಿಸುವುದು, ಮೇಲೆಲ್ಲ ಕಣ್ಣು ಕಣ್ಣು. ಬೆಣ್ಣೆ ಸವರಿಕೊಂಡು ತಿನ್ನುತ್ತಾರೆ, ಚಟ್ನಿ ಒಂದಿಲ್ಲ.

ಮುದ್ರೆಯಲ್ಲಿ ಇರುವುದು, ಇಲ್ಲದ್ದು

ಈಗ ರಾಜ್ಯದ ಮುದ್ರೆ ನೋಡೋಣ. ನಡುವೆ ಪೈನ್ ಮರ, ಅದರ ಬುಡದಲ್ಲಿ ಮಲಗಿದ ಮೂಸ್. ಜಿಂಕೆಯ ಬಳಗದಲ್ಲೇ ಅತಿ ದೊಡ್ಡ ಪ್ರಾಣಿ ಇದು. ಒಂದು ಪಕ್ಕ ಕುಡುಗೋಲಿನ ಮೇಲೆ ಕೈಯೂರಿದ ರೈತ, ಇನ್ನೊಂದು ಪಕ್ಕ ಲಂಗರಿಗೆ ಒರಗಿದ ನಾವಿಕ. ಮೇಲೆ ಧ್ರುವತಾರೆ. 1820ರಲ್ಲಿ ಮೇನ್ ಅಮೆರಿಕದ ಅತಿ ಉತ್ತರದ ರಾಜ್ಯವಾಗಿತ್ತು. ತಾರೆಯ ಕೆಳಗೆ ಲ್ಯಾಟಿನ್ ಪದ ‘ಡಿರಿಗೊ’, ನಾನು ದಾರಿ ತೋರಿಸುತ್ತೇನೆ ಅಂತ. ಆಮೇಲೆ ಚುನಾವಣೆಯಲ್ಲೂ ಈ ಮಾತು ಕೂಡಿಬಂತು. ಬೇರೆಯವರಿಗಿಂತ ಮೊದಲು, ಸೆಪ್ಟೆಂಬರಿನಲ್ಲೇ, ಮೇನ್ ತನ್ನ ಗವರ್ನರ್ ಚುನಾವಣೆ ಮಾಡುತ್ತಿತ್ತು. ಅದನ್ನು ನೋಡಿ ‘ಮೇನ್ ಹೋದ ದಾರಿಗೆ ದೇಶವೂ ಹೋಗುತ್ತದೆ’ ಅನ್ನುವ ಗಾದೆ ಹುಟ್ಟಿತು. 1936ರ ಅಧ್ಯಕ್ಷ ಚುನಾವಣೆಯಲ್ಲಿ ರೂಸ್‌ವೆಲ್ಟ್ ಎಲ್ಲ ಕಡೆ ಗೆದ್ದು ಸೋತದ್ದು ಎರಡೇ ರಾಜ್ಯದಲ್ಲಿ, ಮೇನ್ ಮತ್ತು ವರ್ಮಾಂಟ್. ಅವರ ಚುನಾವಣೆ ನಡೆಸಿದ ಜೇಮ್ಸ್ ಫಾರ್ಲಿ ಆ ಗಾದೆಯನ್ನು ತಿರುಚಿ ‘ಮೇನ್ ಹೋದ ದಾರಿಗೆ ವರ್ಮಾಂಟ್ ಹೋಗುತ್ತದೆ’ ಅಂದರು.

ಮುದ್ರೆಯ ನಂತರ ಒಂದೊಂದೇ ಲಾಂಛನ ಸೇರುತ್ತಾ ಹೋಯಿತು. 1927ರಲ್ಲಿ ಚಿಕಡೀ ಎಂಬ ಪುಟ್ಟ ಹಕ್ಕಿ, ಚಳಿಗಾಲದಲ್ಲೂ ಊರು ಬಿಡದ್ದು. 1979ರಲ್ಲಿ ಮೂಸ್, 1985ರಲ್ಲಿ ಮೇನ್ ಕೂನ್ ಬೆಕ್ಕು. ಬೆಕ್ಕಿಗೂ ರಕೂನ್ ಎಂಬ ಕಾಡುಪ್ರಾಣಿಗೂ ಹುಟ್ಟಿದ್ದು ಅನ್ನುವ ಕಥೆ ಸುಳ್ಳು, ಅದು ಆಗುವ ಮಾತಲ್ಲ. ಆದರೆ ಹಿಮದಲ್ಲಿ ಓಡಾಡಲು ತಕ್ಕ ರೋಮದ ಪಾದ ಅದಕ್ಕಿದೆ. 1991ರಲ್ಲಿ ಕಾಡು ಬ್ಲೂಬೆರಿ. 2005ರಲ್ಲಿ ಮಾಕ್ಸಿ ಎಂಬ ತಂಪು ಪಾನೀಯ. ಮೇನ್‌ನಲ್ಲಿ ಹುಟ್ಟಿದ ವೈದ್ಯರೊಬ್ಬರು 19ನೇ ಶತಮಾನದಲ್ಲಿ ಔಷಧಿ ಅಂತ ಮಾರಿದ್ದು ಅದು. ಕಹಿ ಬೇರು ಹಾಕಿರುವುದರಿಂದ ಕಷಾಯಕ್ಕೆ ಸೋಡಾ ಬೆರೆಸಿದ ರುಚಿ ಅನ್ನುತ್ತಾರೆ. 2011ರಲ್ಲಿ ರಾಜ್ಯದ ಸಿಹಿ ಯಾವುದು ಅಂತ ಶಾಸನಸಭೆಯಲ್ಲಿ ಎಳೆದಾಟವಾಯಿತು. ಕೆನೆ ತುಂಬಿದ ವೂಪಿ ಪೈಗೋ, ಬ್ಲೂಬೆರಿ ಪೈಗೋ? ಕೊನೆಗೆ ಒಂದನ್ನು ‘ಡೆಸರ್ಟ್’, ಇನ್ನೊಂದನ್ನು ‘ಟ್ರೀಟ್’ ಮಾಡಿ ಇಬ್ಬರನ್ನೂ ಸಮಾಧಾನ ಮಾಡಿದರು. ರಾಜಕೀಯ ಅಂದರೆ ಎಲ್ಲ ಕಡೆ ಅಷ್ಟೇ ಅಲ್ವಾ.

ಈ ಲಾಂಛನಗಳಲ್ಲಿ ಕಾಣದ ಮೇನ್ ಒಂದಿದೆ. ಇವತ್ತು ಅಲ್ಲಿನ ಜನರಲ್ಲಿ ಹೆಚ್ಚಿನವರು ಮರ ಕಡಿಯುವುದಿಲ್ಲ, ಬೋನು ಎತ್ತುವುದಿಲ್ಲ. ಆಸ್ಪತ್ರೆಯಲ್ಲೋ, ವೃದ್ಧರ ಆರೈಕೆಯಲ್ಲೋ, ಅಂಗಡಿಯಲ್ಲೋ, ಹೋಟೆಲಿನಲ್ಲೋ ಇದ್ದಾರೆ. ಅಮೆರಿಕದಲ್ಲೇ ಅತಿ ವಯಸ್ಸಾದ ರಾಜ್ಯ ಇದು, ಜನರ ನಡುವಯಸ್ಸು 45ರ ಹತ್ತಿರ. ಅಕೇಡಿಯಾ ರಾಷ್ಟ್ರೀಯ ಉದ್ಯಾನಕ್ಕೆ ವರ್ಷಕ್ಕೆ ಸುಮಾರು 40 ಲಕ್ಷ ಭೇಟಿಗಳು, ಅಂದರೆ ರಾಜ್ಯದ ಜನಸಂಖ್ಯೆಯ ಮೂರರಷ್ಟು. ಬೇಸಿಗೆಯಲ್ಲಿ ಬಂದುಹೋಗುವವರು ಕಡಲ ಪಕ್ಕದ ಮನೆಗಳನ್ನು ಕೊಳ್ಳುತ್ತಾರೆ, ಬೆಲೆ ಏರುತ್ತದೆ, ದೋಣಿ ಇಟ್ಟುಕೊಂಡವನಿಗೆ ಕಡಲು ದೂರವಾಗುತ್ತದೆ. ಹೊರಗಿನಿಂದ ಬಂದವರನ್ನು ಮೇನ್‌ನವರು ‘ಫ್ರಮ್ ಅವೇ’ ಅನ್ನುತ್ತಾರೆ. ಅಲ್ಲಿ ಐವತ್ತು ವರ್ಷ ಬಾಳಿದರೂ ಆ ಹಣೆಪಟ್ಟಿ ಹೋಗುವುದಿಲ್ಲವಂತೆ. ಅದೇ ರಾಜ್ಯದ ಕಾರುಗಳ ನಂಬರ್ ಪ್ಲೇಟಿನ ಮೇಲೆ 1936ರಿಂದ ಇರುವ ಪದ ‘ವೆಕೇಷನ್‌ಲ್ಯಾಂಡ್’, ರಜೆಯ ನಾಡು.

ಬಾವುಟದ ಮಾತಿಗೆ ಬಂದರೆ, 1901ರಿಂದ 1909ರವರೆಗೆ ಮೇನ್‌ನ ಬಾವುಟದಲ್ಲಿ ತಿಳಿ ಹಳದಿ ಬಟ್ಟೆಯ ಮೇಲೆ ಒಂದು ಪೈನ್ ಮರ, ಒಂದು ನೀಲಿ ತಾರೆ ಇದ್ದವು. ಆಮೇಲೆ ನೀಲಿ ಬಟ್ಟೆಯ ಮೇಲೆ ರಾಜ್ಯದ ಲಾಂಛನ ಬಂತು. ದೂರದಿಂದ ನೋಡಿದರೆ ಬೇರೆ ಎಷ್ಟೋ ರಾಜ್ಯಗಳ ಬಾವುಟದ ಹಾಗೇ ಕಾಣುವಂಥದ್ದು. ಕೆಲವು ವರ್ಷಗಳಿಂದ ಹಳೆಯ ಪೈನ್ ಮರದ ಬಾವುಟ ಟೀ ಶರ್ಟು, ಟೋಪಿ, ಮನೆಯ ಜಗಲಿ ಎಲ್ಲೆಲ್ಲೂ ಕಾಣಿಸತೊಡಗಿತು. ಅದನ್ನೇ ಮತ್ತೆ ಅಧಿಕೃತ ಮಾಡೋಣವೇ ಅಂತ 2024ರ ನವೆಂಬರಿನಲ್ಲಿ ಜನರನ್ನೇ ಕೇಳಿದರು. ಬೇಡ ಅಂದವರೇ ಜಾಸ್ತಿ. ಆರು ತಿಂಗಳಲ್ಲಿ, 2025ರ ಮೇ ತಿಂಗಳಿನಿಂದ, ಕಾರುಗಳ ಹೊಸ ನಂಬರ್ ಪ್ಲೇಟ್ ಬಂತು. ಅದರ ಮೇಲೆ ಚಿಕಡೀ ಹಕ್ಕಿ ಹೋಗಿ ಪೈನ್ ಮರ ಮತ್ತು ತಾರೆ ಬಂದು ಕೂತಿವೆ. ಬೇಡ ಅನ್ನುವವರಿಗೆ ಮರವಿಲ್ಲದ ಪ್ಲೇಟೂ ಸಿಗುತ್ತದೆ.